ಅಂಗಿಯೊಳಗಿನ ಆರು ತಿಂಗಳು

"ಅಂಗಿ ಎತ್ತೇ ಮುಂಡೆ! ಒಳಗೆ ಎಷ್ಟು ಹಣ್ಣು ತುಂಬ್ಕೊಂಡಿದೀಯ, ನೋಡಣ," ಎಂದು ಮೇಸ್ತ್ರಿ ಗುರುವಯ್ಯ ಕೈಯಲ್ಲಿದ್ದ ಕೋಲನ್ನು ನನ್ನ ಹೊಟ್ಟೆಯ ಕಡೆ ಚಾಚಿದ.

ಕೆಲಸ ಬಿಟ್ಟ ಹೊತ್ತು. ತೋಟದ ಗೇಟಿನ ಮುಂದೆ ನಾವು ಮೂವತ್ತು ಹೆಂಗಸರು ಸಾಲಾಗಿ ನಿಂತಿದ್ದೆವು. ಕಾಫಿಗೆ ರೇಟು ಬಂದ ಮೇಲೆ ಈ ತೋಟದಲ್ಲಿ ನಮಗೆ ಸಿಕ್ಕ ಹೊಸ ಮರ್ಯಾದೆ ಇದು. ಹಣ್ಣಿನ ಚೀಲ ಒಪ್ಪಿಸಿ ಮನೆಗೆ ಹೋಗುವ ಮುಂಚೆ ಪ್ರತಿಯೊಬ್ಬಳೂ ಸೆರಗು ಕೊಡವಬೇಕು, ಊಟದ ಡಬ್ಬಿ ಬಿಚ್ಚಿ ತೋರಿಸಬೇಕು. ಇಡೀ ಗುಡ್ಡದ ಕಾಫಿಯನ್ನು ನಮ್ಮ ಕೈಯಿಂದಲೇ ಕೊಯ್ಯಿಸಿಕೊಂಡು, ಸಂಜೆ ನಮ್ಮ ಕೈಯನ್ನೇ ನಂಬುವುದಿಲ್ಲ ಇವರು.

ನನ್ನ ಅಂಗಿಯೊಳಗೆ ಇದ್ದದ್ದು ಕಾಫಿಯಲ್ಲ, ಆರು ತಿಂಗಳ ಬಸಿರು.

ಅದನ್ನು ಹೇಳುವಂತಿರಲಿಲ್ಲ. ಹೋದ ವರ್ಷ ನಮ್ಮ ಜೊತೆ ಕೊಯ್ಯುತ್ತಿದ್ದ ಅಣ್ಣಮ್ಮ ಐದನೇ ತಿಂಗಳಲ್ಲಿ ಬಾಯಿಬಿಟ್ಟಳು. ಇಳಿಜಾರಿನಲ್ಲಿ ಬಿದ್ದು ಏನಾದರೂ ಆದರೆ ತಮ್ಮ ತಲೆಗೆ ಬರುತ್ತದೆ ಎಂದು ಯಜಮಾನರು ಮರುದಿನವೇ ಕೆಲಸ ಬಿಡಿಸಿದರು. ಕೆಲಸ ಹೋದ ಮೇಲೆ ತೋಟದವರು ಆಳುಗಳಿಗೆ ಕೊಡುವ ಲೈನ್ ಮನೆಯೂ ಹೋಯಿತು. ಅವಳಿಗೆ ಆಲ್ದೂರಿನಲ್ಲಿ ತವರಿತ್ತು, ಹೋದಳು. ನನಗೆ ತವರಿಲ್ಲ. ದೀಪಾವಳಿಗೆ ಮುಂಚೆ ಕೊಡಗಿಗೆ ಕೆಲಸಕ್ಕೆಂದು ಹೋದ ಗಂಡ ಫೋನನ್ನೇ ಎತ್ತುವುದಿಲ್ಲ. ಅವನು ಬಿಟ್ಟುಹೋದ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಕೊಯ್ಲಿನ ಚೀಲವನ್ನು ಹೊಟ್ಟೆಯ ಮುಂದೆ ಕಟ್ಟಿಕೊಂಡು ದಿನ ದೂಡುತ್ತಿದ್ದೆ. ಇರುವೆ ಕಾಟಕ್ಕೆ ಹೆಂಗಸರೆಲ್ಲ ಗಂಡಸರ ಅಂಗಿಯನ್ನೇ ತೊಡುವುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಗೊತ್ತಿದ್ದದ್ದು ಆಶಾ ಕಾರ್ಯಕರ್ತೆ ದಿವ್ಯಾಗೆ ಮಾತ್ರ. ಭಾನುವಾರ ಲೈನಿಗೆ ಬಂದಿದ್ದಳು.

"ಆರು ಮುಗೀತಾ ಬಂತು ಮುತ್ತಕ್ಕ. ಇನ್ನು ಮಗು ಜೋರಾಗಿ ಒದೆಯುತ್ತೆ. ನಿಮ್ ಕಾಲು ಬಾತ್ಕೊಳ್ಳುತ್ತೆ, ಮಲಗಿದಾಗ ಮೀನಖಂಡ ಹಿಡ್ಕೊಳ್ಳುತ್ತೆ, ಹೊಟ್ಟೆ ಚರ್ಮ ತುರಿಸುತ್ತೆ. ಹೆದರ್ಕೋಬೇಡಿ. ಎಡಮಗ್ಗುಲಿಗೆ ಮಲಗಿ, ಯಾರ ಹತ್ರನಾದ್ರೂ ಕಾಲು ಒತ್ತಿಸ್ಕೊಳ್ಳಿ."

"ಯಾರ ಹತ್ರ ಮಾರಾಯ್ತಿ?"

ದಿವ್ಯಾ ಕಬ್ಬಿಣಾಂಶದ ಮಾತ್ರೆ ಎಣಿಸಿ ಕೊಟ್ಟು ಪಕ್ಕದ ತೋಟಕ್ಕೆ ಹೋದಳು. ಅವಳಾದರೂ ಏನು ಮಾಡಿಯಾಳು?

ಕಾಲು ಬಾತದ್ದನ್ನೂ ಸೊಂಟ ನೋವನ್ನೂ ಸಹಿಸಿಕೊಂಡೆ. ಆದರೆ ಮಗು ಒದ್ದಾಗ, "ಇಲ್ಲಿ ಕೈಯಿಟ್ಟು ನೋಡು" ಎನ್ನಲು ಒಂದು ಜೀವವೂ ಹತ್ತಿರವಿಲ್ಲವಲ್ಲ, ಅದನ್ನು ಸಹಿಸುವುದೇ ಕಷ್ಟವಾಯಿತು. ಗಿಡದ ಮರೆಗೆ ಹೋಗಿ ನನ್ನ ಕೈಯನ್ನು ನಾನೇ ಇಟ್ಟುಕೊಂಡು ಅಳುತ್ತಿದ್ದೆ.

ಈಗ ಗೇಟಿನಲ್ಲಿ ಗುರುವಯ್ಯನ ಕೋಲು ಅಂಗಿಗೆ ತಾಗುವಷ್ಟು ಹತ್ತಿರ ಬಂದಿತ್ತು. ಜೀಪಿಗೆ ಒರಗಿ ನಿಂತಿದ್ದ ಯಜಮಾನ ದರ್ಶನ್ ಅವರು, "ನೀನು ಮುಟ್ಟಬೇಡ ಗುರುವಯ್ಯ, ಆಮೇಲೆ ಯಾರಾದ್ರೂ ವಿಡಿಯೋ ಮಾಡ್ತಾರೆ," ಎಂದು ತಮ್ಮ ತಾಯಿ ಸಾವಿತ್ರಮ್ಮನವರನ್ನು ಕರೆದರು.

ಸಾವಿತ್ರಮ್ಮನವರು ಬಂದು ಅಂಗಿಯ ಮೇಲಿಂದಲೇ ಹೊಟ್ಟೆಯನ್ನು ಅದುಮಿದರು. ಮಗು ಒದೆಯಿತು. ಅವರು ಸರಕ್ಕನೆ ಕೈ ತೆಗೆದರು. ನನ್ನದಲ್ಲದ ಕೈಯೊಂದು ಆ ಮಗುವನ್ನು ಮುಟ್ಟಿದ್ದು ಅದೇ ಮೊದಲು, ಅದೂ ಕಳ್ಳಮಾಲು ಹುಡುಕಲು.

ಅವರೂ ಹೆತ್ತವರಲ್ಲವೇ? "ಅಮ್ಮಾವ್ರೆ, ಹೇಳ್ಬೇಡಿ," ಎಂದು ಅವರಿಗಷ್ಟೇ ಕೇಳುವಂತೆ ಬೇಡಿಕೊಂಡೆ.

"ಕಾಫಿ ಅಲ್ಲ ದರ್ಶನ್, ಬಸುರಿ ಇವ್ಳು," ಎಂದರು ಎಲ್ಲರಿಗೂ ಕೇಳುವಂತೆ. "ಪಾಪ, ನಾಳೆಯಿಂದ ಬರೋದು ಬೇಡ ಅನ್ನು."

"ಹೆರಿಗೆ ಆದ್ಮೇಲೆ ಬಾ, ನೋಡಣ. ಎರಡು ದಿನದಲ್ಲಿ ಲೈನ್ ಖಾಲಿ ಮಾಡ್ಬಿಡು," ಎಂದರು ಯಜಮಾನರು.

"ಗಂಡ ಓಡಿಹೋದ್ಮೇಲೆ ಆಗಿದ್ದೋ, ಮೊದ್ಲೇ ಆಗಿದ್ದೋ?" ಎಂದು ಗುರುವಯ್ಯ ಹಲ್ಲು ಕಿರಿದ.

"ನಿಮ್ಮವ್ವನ್ನ ಹೋಗಿ ಕೇಳೋ, ಬೋಳಿಮಗನೆ!" ಎಂದೆ.

ಸಾಲಿನಲ್ಲಿದ್ದ ಹೆಂಗಸರೆಲ್ಲ ನೆಲ ನೋಡುತ್ತಿದ್ದರು. ಲೈನಿಗೆ ಹೋಗುವ ದಾರಿಯಲ್ಲಿ ನನ್ನ ಜೊತೆ ಯಾರೂ ನಡೆಯಲಿಲ್ಲ. ನನಗೆ ಅವರ ಮೇಲೂ ಸಿಟ್ಟಿತ್ತು.

ಬೆಳಿಗ್ಗೆ ಅಂಗಿ ತೊಡಲಿಲ್ಲ. ಬರೀ ಸೀರೆಯಲ್ಲಿ, ಹೊಟ್ಟೆ ಮುಂದೆ ಮಾಡಿಕೊಂಡು ಹಾಜರಿಗೆ ಹೋಗಿ ನಿಂತೆ. ಗುರುವಯ್ಯ ಎಲ್ಲರ ಹೆಸರು ಕೂಗಿದ, ನನ್ನದನ್ನು ಬಿಟ್ಟ. ಚೀಲವನ್ನು ಪಕ್ಕಕ್ಕೆ ಕಟ್ಟಿಕೊಂಡು ಎಲ್ಲರಿಗಿಂತ ಮುಂಚೆ ಗುಡ್ಡ ಹತ್ತಿ ಗಿಡಕ್ಕೆ ಕೈಹಾಕಿದೆ.

"ಇಳಿಯೇ ಕೆಳಗೆ! ಕೆಲ್ಸ ಇಲ್ಲ ಅಂದಿಲ್ವಾ ನಿಂಗೆ?"

"ಬಾ, ನೀನೇ ಹಿಡ್ದು ಇಳ್ಸು. ಎಲ್ಲಾರ್ ಮುಂದೆ ಇಳ್ಸು."

ಅವನು ನಾಲ್ಕು ಹೆಜ್ಜೆ ಹತ್ತಿದವನು ನಿಂತ. ಜೇಬಿನಿಂದ ಫೋನು ತೆಗೆದು ಯಜಮಾನರನ್ನು ಕರೆದ.

ಕೆಳಗೆ ಹೆಂಗಸರು ಚೀಲ ಕಟ್ಟಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬಳೂ ನನ್ನ ಹತ್ತಿರ ಹತ್ತಿ ಬರಲಿಲ್ಲ. ಆದರೆ ಹಾಜರಿ ಮುಗಿದಿದ್ದರೂ ಒಬ್ಬಳೂ ಗಿಡಕ್ಕೆ ಕೈಹಾಕಲೂ ಇಲ್ಲ.

ರಸ್ತೆಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ನಾನು ಮುಂದಿನ ಗಿಡಕ್ಕೆ ಹೋದೆ.