ಮೂರನೆಯ ಕೂಗು

ಪೀಠದಿಂದ ತನ್ನ ಹೆಸರು ಕೇಳಿಸಿದಾಗ ಕಸ್ತೂರಿ ಏಳಲಿಲ್ಲ.

ಕೇಳಿಸಲಿಲ್ಲವೆಂದಲ್ಲ. ಬೆಳಗಾವಿಯ ಸೌಧದಲ್ಲಿ ಹಿಂದಿನ ಸಾಲಿನವರೆಗೂ ದನಿ ಚೆನ್ನಾಗಿಯೇ ಬರುತ್ತಿತ್ತು. ಪ್ರಶ್ನೋತ್ತರದ ಹೊತ್ತು, ತನ್ನ ಪ್ರಶ್ನೆಯ ಹಾಳೆಯನ್ನು ಮಡಚಿ ಹಿಡಿದು ಅವಳು ಬೆಳಗಿನಿಂದ ಕಾದಿದ್ದಳು. ಆದರೆ ಮಮದಾಪುರದ ಕೆರೆಯಾಚೆಯ, ನಾಲ್ಕಾರು ಮನೆಗಳ ವಸ್ತಿಯಲ್ಲಿ ಹುಟ್ಟಿದವರು ಯಾರೂ ಮೊದಲ ಕೂಗಿಗೆ ಓಗೊಡುವುದಿಲ್ಲ. ದೆವ್ವ ಒಂದು ಸಲ ಕರೆಯುತ್ತದೆ, ಬಹಳವಾದರೆ ಎರಡು ಸಲ. ಮೂರನೆಯ ಸಲ ಕರೆಯುವುದು ಮನುಷ್ಯರು ಮಾತ್ರ. ಇದನ್ನು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನಡೆಯುವುದನ್ನು ಕಲಿತ ಹಾಗೆ ಕಲಿತದ್ದು. ಬಾಬಲೇಶ್ವರದ ಹೈಸ್ಕೂಲಿನಲ್ಲಿ ಪಾಠ ಹೇಳಿ, ಜಲನಗರದಲ್ಲಿ ಮನೆ ಕಟ್ಟಿಸಿ, ವಿಧಾನ ಪರಿಷತ್ತಿಗೆ ಆರಿಸಿ ಬಂದ ಮೇಲೂ ಅದು ಮೈ ಬಿಟ್ಟು ಹೋಗಿರಲಿಲ್ಲ. ಸಭಾಪತಿಗಳಿಗೆ ಇದು ಗೊತ್ತಿತ್ತು. "ಕಸ್ತೂರಿಬಾಯಿಯವರನ್ನ ಮೂರು ಸಲ ಕರೀಬೇಕಪ್ಪ" ಎಂದು ನಗುತ್ತ ಹಾಗೆಯೇ ಕರೆಯುತ್ತಿದ್ದರು.

ಈ ದಿನ ಸಭಾಪತಿಗಳು ಬಂದಿರಲಿಲ್ಲ. ಅವರ ಬದಲು ಪೀಠದಲ್ಲಿದ್ದವರು ಒಂದೇ ಸಲ ಕರೆದರು. ಆ ದನಿ ಮೈಕಿನಿಂದ ಬಂದದ್ದಕ್ಕಿಂತ ನೀರಿನ ಮೇಲೆ ಹಾಯ್ದು ಬಂದಂತಿತ್ತು. ಅವರು ಕನ್ನಡಕದ ಮೇಲಿಂದ ಸಾಲುಗಳತ್ತ ನೋಡಿ, "ಮಾನ್ಯ ಸದಸ್ಯರು ಗೈರು. ಉತ್ತರವನ್ನು ಮಂಡಿಸಲಾಗಿದೆ. ಮುಂದಿನ ಪ್ರಶ್ನೆ" ಎಂದರು.

ಪಕ್ಕದ ಆಸನದ ಮಲ್ಲಿಕಾರ್ಜುನ ಮೇಜು ತಟ್ಟಿದರು. "ಏಳ್ರಿ ಅಕ್ಕಾರ! ನಿಮ್ಮ ಹೆಸರ ಕರದ್ರಲ್ಲ!"

ಕಸ್ತೂರಿ ಎದ್ದಳು. "ನಾ ಇಲ್ಲೇ ಅದೀನ್ರಿ, ಸಭಾಪತಿಗಳೇ."

ಅವಳ ಮೈಕಿನ ದೀಪ ಹತ್ತಲಿಲ್ಲ. ಆಗಲೇ ಇನ್ನೊಬ್ಬ ಸದಸ್ಯರು ಬೀದಿದೀಪದ ಪ್ರಶ್ನೆ ಓದತೊಡಗಿದ್ದರು. ಅವಳು ಮತ್ತೊಮ್ಮೆ ಹೇಳಿದಳು. ಮಂತ್ರಿಗಳ ಸಾಲಿನಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಏನೋ ಹೇಳಿ ನಕ್ಕರು. ನಕ್ಕದ್ದು ಅವಳ ವಿಷಯಕ್ಕಲ್ಲ. ಅಷ್ಟು ಜನರ ನಡುವೆ ನಿಂತು ಮಾತಾಡಿದರೂ ಒಂದು ತಲೆ ಇತ್ತ ಹೊರಳಲಿಲ್ಲ. ಕಸ್ತೂರಿ ಕೆಳಗೆ ನೋಡಿಕೊಂಡಳು. ಮೇಜಿನ ಅಂಚಿನ ಮೇಲೆ ತನ್ನದೇ ಕೈ ಇತ್ತು, ಬಳೆಗಳಿದ್ದವು.

ಪ್ರಶ್ನೆ ಸಣ್ಣದು: ಮಕ್ಕಳ ದಾರಿ ಅಪಾಯದ್ದಾದ್ದರಿಂದ ವಸ್ತಿಯ ಶಾಲೆಯನ್ನು ಮತ್ತೆ ತೆರೆಯುತ್ತೀರಾ ಎಂದು. ಮಕ್ಕಳು ಕಡಿಮೆಯೆಂದು ವಸ್ತಿಯ ಸಾಲಿಯನ್ನು ಹಿಂದಿನ ವರ್ಷ ಮುಚ್ಚಿ, ಮಕ್ಕಳನ್ನು ಕೆರೆಯಾಚೆಗಿನ ಊರ ಸಾಲಿಗೆ ಸೇರಿಸಿದ್ದರು. ಅಲ್ಲಿಗೆ ದಾರಿಯೆಂದರೆ ಕೆರೆಯ ಒಡ್ಡು. ಒಡ್ಡಿನ ಬದಿಗೆ ಹೂಳು ತೆಗೆದ ತಗ್ಗು ಮಳೆಗಾಲದಲ್ಲಿ ತುಂಬಿಕೊಂಡಿತ್ತು. ಕಸ್ತೂರಿಯ ಚಿಗವ್ವ ದುಂಡವ್ವನ ಮೊಮ್ಮಗಳು ದೀಪಾಲಿ, ಅವಳ ಮಗ ಅಮೋಘಿಯ ಮಗಳು, ಒಂದು ಮುಂಜಾನೆ ಸಾಲಿಗೆ ಹೊರಟವಳು ಆ ತಗ್ಗಿನಲ್ಲಿ ಹೆಣವಾಗಿ ಸಿಕ್ಕಿದಳು. ಜೊತೆಗಿದ್ದ ಮಕ್ಕಳೆಲ್ಲ ಹೇಳಿದ್ದು ಒಂದೇ ಮಾತು: ಯಾರೋ ಅವಳ ಹೆಸರು ಕರೆದರು, ಅವಳು ಓ ಅಂದಳು, ಇಳಿದಳು. ಅಂದಿನಿಂದ ವಸ್ತಿಯ ಯಾವ ಮಗುವೂ ಒಡ್ಡಿನ ಮೇಲೆ ಕಾಲಿಟ್ಟಿರಲಿಲ್ಲ. ಅಮೋಘಿ ಮೊನ್ನೆ ಫೋನು ಮಾಡಿದ್ದ: "ನಮ್ಮ ಸಾಲಿ ತೆರೀತಾರ ಅಂದ್ರ ಮಕ್ಕಳನ್ನ ಇಲ್ಲೇ ಅವ್ವನ ಕಡೆ ಬಿಟ್ಟ ಹೋಗ್ತೀನಿ, ಅಕ್ಕಾ. ಇಲ್ಲಾಂದ್ರ ಕುರಿ ಜೋಡಿ ಅವನ್ನೂ ಹೊಳಿ ಕಡೆ ಹೊಡಕೊಂಡ ಹೋಗೂದು. ನಾಕ ಮನೀದೂ ಅದ ಮಾತ."

ಸದನದ ಹೊರಗಿನ ಮೊಗಸಾಲೆಯಲ್ಲಿ ಅವಳು ಮಂತ್ರಿಗಳನ್ನು ಹಿಡಿದಳು. ಅವರು ಒಳ್ಳೆಯ ಮನುಷ್ಯರು. ನಿಂತು, ಕೈ ಮುಗಿದರು.

"ಉತ್ತರ ಕೊಟ್ಟಿದೀವಲ್ಲ ಮೇಡಂ. ಓದಿಲ್ವಾ?"

ಓದಿದ್ದಳು. ಹಾಳೆಯ ಬಲಗಡೆ ಅಚ್ಚಾಗಿತ್ತು: ಸದರಿ ದಾರಿಯಲ್ಲಿ ಪ್ರಸ್ತುತ ಯಾವುದೇ ಮಗು ಸಂಚರಿಸುತ್ತಿರುವುದು ಕಂಡುಬಂದಿರುವುದಿಲ್ಲ. ಆದ್ದರಿಂದ ಪ್ರಶ್ನೆ ಉದ್ಭವಿಸುವುದಿಲ್ಲ.

"ಹೆದರಿ ಬಿಟ್ಟಾವ್ರಿ ಸರ್. ಅದಕ್ಕ ದಾರ್ಯಾಗ ಮಕ್ಕಳಿಲ್ಲ."

"ಅಂದ್ರೆ ಇಲ್ಲ ತಾನೆ?" ಮಂತ್ರಿಗಳು ಬೇಸರವಿಲ್ಲದೆ ಹೇಳಿದರು. "ಅಧಿಕಾರಿಗಳು ಹೋಗಿ ನೋಡ್ಕೊಂಡು ಬಂದೇ ಬರೆದಿರೋದು. ನೀವು ಎದ್ದು ಕೇಳಿದ್ರೆ ಸದನದಲ್ಲೇ ಒಂದು ಭರವಸೆ ಕೊಡ್ತಿದ್ದೆ. ಏಳಲೇ ಇಲ್ಲ ನೀವು. ಇನ್ನು ಮುಂದಿನ ಅಧಿವೇಶನಕ್ಕೆ ಕೇಳಿ."

ಮುಂದಿನ ಅಧಿವೇಶನದ ಹೊತ್ತಿಗೆ ಅಮೋಘಿಯ ಕುರಿಗಳು ಕೃಷ್ಣೆಯ ದಂಡೆಯಲ್ಲಿರುತ್ತವೆ.

ಕಾರಿನ ಬಾಗಿಲು ತೆಗೆಯುತ್ತ ಡ್ರೈವರ್ ನಾಸೀರ ಕೇಳಿದ. "ಜಲನಗರಕ್ಕೇನ್ರಿ ಮೇಡಂ?"

"ವಸ್ತಿಗೆ ನಡಿ."

ಕಾರು ಜಮಖಂಡಿ ದಾಟಿತು. ಆಮೇಲೆ ಅವಳು ನಡೆದದ್ದನ್ನು ಹೇಳಿದಳು. ನಾಸೀರ ಕನ್ನಡಿಯಲ್ಲಿ ಅವಳ ಮುಖ ನೋಡಿದ.

"ನನ್ನ ಫೋನೂ ಮೂರನೇ ಸಲಕ್ಕ ಎತ್ತತೀರಿ ನೀವು. ನನಗ ರೂಢಿ ಆಗೇತ್ರಿ. ಆ ಕುರ್ಚಿ ಸಾಹೇಬರಿಗೆ ಹ್ಯಾಂಗ ಗೊತ್ತಾಗಬೇಕು?"

"ನಗಬ್ಯಾಡೋ."

"ನಗಲಾಕತ್ತಿಲ್ರಿ. ನಮ್ಮ ಅಕ್ಕ, ಜೀನತ ಆಪಾನೂ ಹಂಗ. ಹೊತ್ತ ಮುಳುಗಿದ ಮ್ಯಾಲೆ ಯಾರರ ಕರದ್ರ ಸುಮ್ಮನ ಕೂಡತಾಳ. ನಾ ಹೊರಗ ನಿಂತ ಗಂಟಲ ಹರಕೋಬೇಕು."

ಬಾಬಲೇಶ್ವರದಿಂದ ತಿರುಗಿ ವಸ್ತಿ ಮುಟ್ಟುವಷ್ಟರಲ್ಲಿ ಬಿಸಿಲು ಕೆಂಪಾಗಿ ಜೋಳದ ತೆನೆಗಳ ತುದಿಗೆ ಮಾತ್ರ ಉಳಿದಿತ್ತು. ಬೀಗ ಹಾಕಿದ ಸಾಲಿಯ ಕಟ್ಟೆಯ ಮೇಲೆ ಕುರಿಮರಿಗಳು ಮಲಗಿದ್ದವು. ಅಮೋಘಿ ಅಂಗಳದಲ್ಲಿ ಕಂಬಳಿಗಳನ್ನು ಸುತ್ತಿ ಹಗ್ಗದಿಂದ ಕಟ್ಟುತ್ತಿದ್ದ. ಮಗ್ಗುಲಲ್ಲಿ ಪಾತ್ರೆಗಳ ಚೀಲ, ಮಕ್ಕಳ ಅಂಗಿಗಳ ಗಂಟು. ಅವನ ಹೆಂಡತಿ ತಿಕೋಟದ ದ್ರಾಕ್ಷಿ ತೋಟದ ಕೆಲಸದಿಂದ ಇನ್ನೂ ಬಂದಿರಲಿಲ್ಲ. ಮಗಳು ಹೋದ ಮೇಲೆ ಅವಳೂ ಒಡ್ಡು ಬಿಟ್ಟು ಸುತ್ತಿನ ದಾರಿಯಿಂದ ಬರುತ್ತಿದ್ದಳು.

ಅಮೋಘಿ ಅಕ್ಕನ ಮುಖ ನೋಡಿದ. ಗಂಟನ್ನು ಇನ್ನಷ್ಟು ಬಿಗಿದ.

ದುಂಡವ್ವ ಕಟ್ಟೆಯ ಅಂಚಿನಲ್ಲಿ ಕೆರೆಗೆ ಬೆನ್ನು ಮಾಡಿ ಕೂತಿದ್ದಳು. ಕಸ್ತೂರಿ ಅವಳ ಪಕ್ಕ ಕೂತು ಎಲ್ಲ ಹೇಳಿದಳು.

"ಎಷ್ಟ ಸಲ ಕರದ್ರು?" ದುಂಡವ್ವ ಕೇಳಿದಳು.

"ಒಂದ ಸಲ, ಚಿಗವ್ವ."

"ಒಂದ ಸಲ ಕರದು ಬಿಟ್ಟರು?"

"ಬಿಟ್ಟರು. ಗೈರು ಅಂದ್ರು."

"ಹಂಗಾರ ಚಲೋ ಆತು ಬಿಡು, ಓ ಅನಲಿಲ್ಲಲ್ಲ. ಅಂಥವರಿಗೆ ಓ ಅಂದ್ರ ಏನ ಆಗತಿತ್ತೋ ಏನೋ."

"ಹಂಗಲ್ಲ ಬೇ. ಅವರು ಸರಕಾರದವರು."

"ನನಗೇನ ಗೊತ್ತು? ನೀ ಹೇಳಿದ್ದಕ್ಕ ಅಂದೆ. ಒಂದ ಸಲ ಕರದು, ಹಿಂದ ನೋಡದ ಹೋಗೂದು ಮನಷ್ಯಾರ ಲಕ್ಷಣ ಅಲ್ಲ." ಅವಳು ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿದಳು. "ನಾ ನಮ್ಮ ದೀಪಾಗೂ ಹೇಳಿದ್ದೆ. ಮೂರ ಸಲ ಕರದ್ರ ಓ ಅನಬೇಕು ಅಂತ. ಅಕಿ ಏನ ಅಂದಳು ಗೊತ್ತೈತೇನ? ಆಯೀ, ಸಾಲ್ಯಾಗ ಮಾಸ್ತರು ಒಂದ ಸಲ ಕರೀತಾರ. ಲಗೂನ ಅನಲಿಲ್ಲಂದ್ರ ಗೈರು ಹಾಕತಾರ. ಹಂಗ ಅಂದಳು. ಆ ಹೊಸ ಸಾಲಿಗೆ ಹೋದಮ್ಯಾಲೆ ಮನ್ಯಾಗೂ ಒಂದ ಕೂಗಿಗೆ ಓ ಅಂತಿದ್ದಳು. ಶಾಣ್ಯಾ ಹುಡುಗಿ ಅಂತ ನಾನೂ ನಗತಿದ್ದೆ."

ಹೈಸ್ಕೂಲಿನಲ್ಲಿ ಕಸ್ತೂರಿಯೂ ಹಾಜರಿ ಕರೆದವಳೇ. ಒಂದೇ ಸಲ ಕರೆದವಳೇ.

ಅಮೋಘಿ ಅಲ್ಲಿಂದಲೇ ಹೇಳಿದ. "ನಸುಕಿನ್ಯಾಗ ಹೊಂಡತೀವಿ, ಅಕ್ಕಾ. ನಿನ್ನ ಮ್ಯಾಲೆ ಸಿಟ್ಟಿಲ್ಲ. ಖರೇನ ಇಲ್ಲ."

ಬಿಸಿಲು ಜೋಳದ ತುದಿಯಿಂದಲೂ ಜಾರಿತು. ಕೆರೆಯ ಮೇಲೆ ತೆಳ್ಳಗೆ ಮಂಜು ಕೂತಿತು. ಒಡ್ಡು ಅದರೊಳಗೆ ಅರ್ಧ ಮುಳುಗಿ, ದಾರಿ ಎಲ್ಲಿಂದ ಶುರುವಾಗುತ್ತದೆಂದು ತಿಳಿಯದ ಹಾಗಾಯಿತು. ಅಂಗಳದಲ್ಲಿ ಗೋಲಿ ಆಡುತ್ತಿದ್ದ ಮಕ್ಕಳು ಇದ್ದಕ್ಕಿದ್ದ ಹಾಗೆ ಸುಮ್ಮನಾದರು.

"ಕಸ್ತೂರಿ ಅತ್ತೀ."

ದೊಡ್ಡ ದನಿಯಲ್ಲ. ಒಡ್ಡಿನ ಮೇಲಿಂದ, ಸಾಲಿ ಬಿಟ್ಟು ಮನೆಗೆ ಬರುವ ಮಗು ದೂರದಿಂದಲೇ ಗುರುತಿಸಿ ಕರೆದಂತೆ, ದೀಪಾಲಿ ಕರೆಯುತ್ತಿದ್ದಂತೆ. ಕಸ್ತೂರಿ ಏಳಲಿಲ್ಲ. ಕಾರಿನ ಬಳಿ ನಾಸೀರ ಹಿಡಿದ ಬೀಡಿ ಬಾಯಿಗೆ ಮುಟ್ಟದೆ ನಿಂತಿತು. ಅಮೋಘಿಯ ಕೈಯಲ್ಲಿ ಹಗ್ಗ ಹಾಗೆಯೇ ಉಳಿಯಿತು.

"ಕಸ್ತೂರಿ ಅತ್ತೀ."

ಮಕ್ಕಳಲ್ಲಿ ಒಬ್ಬರೂ ಅಳಲಿಲ್ಲ. ಎಲ್ಲರೂ ಕೆರೆಯ ಕಡೆ ನೋಡುತ್ತಿದ್ದರು, ಗೊತ್ತಿದ್ದದ್ದನ್ನು ನೋಡುವ ಹಾಗೆ. ಮಂಜಿನೊಳಗೆ ಏನೂ ಕಾಣಲಿಲ್ಲ. ನೀರು ದಂಡೆಗೆ ತಾಗುವ ಸದ್ದು ಇತ್ತು, ಆಮೇಲೆ ಅದೂ ಇರಲಿಲ್ಲ. ಕಸ್ತೂರಿ ಕಾದಳು. ಇಷ್ಟಕ್ಕೇ ನಿಂತರೆ ಸಾಕೆಂದು ಬೇಡಿಕೊಂಡಳೋ, ನಿಲ್ಲಬಾರದೆಂದು ಬೇಡಿಕೊಂಡಳೋ, ಅವಳಿಗೇ ತಿಳಿಯಲಿಲ್ಲ.

"ಕಸ್ತೂರಿ ಅತ್ತೀ."

ದುಂಡವ್ವ ತಿರುಗಿ ನೋಡಲಿಲ್ಲ. "ಎಷ್ಟನೇದು?" ಎಂದಳು, ಮೆಲ್ಲಗೆ.

"ಮೂರನೇದು, ಚಿಗವ್ವ."

"ಹಂಗಾರ ಓ ಅನ್ನು."

ಕಸ್ತೂರಿ ಎದ್ದು ನಿಂತಳು. ಸದನದಲ್ಲಿ ಮಾಡುವಂತೆ ಸೆರಗು ಸರಿಮಾಡಿಕೊಂಡಳು. ಒಡ್ಡಿನ ಕಡೆಗೆ ಮುಖ ಮಾಡಿ, ಎಲ್ಲರಿಗೂ ಕೇಳುವ ಹಾಗೆ, "ಓ" ಅಂದಳು.

ಅಮೋಘಿ ಕೈಯಲ್ಲಿದ್ದ ಹಗ್ಗವನ್ನು ನೋಡಿದ. ನೋಡುತ್ತಲೇ ಬಗ್ಗಿ, ಕಟ್ಟಿದ ಗಂಟನ್ನು ಬಿಚ್ಚತೊಡಗಿದ. ಸಾಲಿಯ ಕಟ್ಟೆಯ ಮೇಲೆ ಮಲಗಿದ್ದ ಮರಿಗಳೆಲ್ಲ ಎದ್ದು ನಿಂತಿದ್ದವು, ಬೀಗ ಹಾಕಿದ ಬಾಗಿಲ ಮುಂದೆ ಒಂದು ಮಗು ನಡೆದು ಬರುವಷ್ಟು ದಾರಿ ಬಿಟ್ಟು, ಎರಡು ಬದಿಗೆ.