ಮಕ್ತುಮಸಾಬರ ಒತ್ತಕ್ಷರ

ಕಂಪ್ಯೂಟರಿನ ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತಿದ್ದ ಇಜಾಜ ಎದ್ದು ಮೊಳಕಾಲಿನ ಧೂಳು ಝಾಡಿಸಿಕೊಂಡ. ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಅವನ ಕೈ ಒಳ್ಳೆಯದು. ಬಾಯಿ ಮಾತ್ರ ತುಸು ಸಡಿಲು.

"ಹಾರ್ಡ್ ಡಿಸ್ಕ್ ಹೊಂಟೈತ್ರಿ ಅಕ್ಕಾರ. ಕಟ್ ಕಟ್ ಅಂತೈತಲ್ಲ, ಅದು ಕಡೀ ಉಸಿರು. ಇವತ್ತ ಹೋದೀತು, ಎಂಟು ದಿನಾ ಬಿಟ್ಟು ಹೋದೀತು."

ಸಾಯಿಮಾ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಲಗ್ನದ ಸುಗ್ಗಿ ಅದು. ಅಪ್ಪ ಮಹಬೂಬಸಾಬ ತೀರಿಕೊಂಡ ಮೇಲೆ ಆರು ವರ್ಷದಿಂದ ಈ ಪ್ರಿಂಟಿಂಗ್ ಪ್ರೆಸ್ಸು ಅವಳ ಹೆಗಲ ಮೇಲಿದೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರೆಲ್ಲ ಲಗ್ನಪತ್ರಿಕೆಗೆ ಇಲ್ಲಿಗೇ ಬರುತ್ತಾರೆ.

"ಈಗೇನ್ ಮಾಡೋದು?"

"ಹೊಸಾ ಡಿಸ್ಕ್ ಹಾಕೂದು, ಅದರಾಗ ಹೊಸಾ ವಿಂಡೋಸ್ ಹಾಕೂದು, ನಿಮ್ಮ ಫೈಲ್ ಅಷ್ಟೂ ಕಾಪಿ ಮಾಡೂದು. ಒಂದೊಪ್ಪತ್ತಿನ ಕೆಲಸ. ಗಾಡಿ ಸ್ವಚ್ಛ ಆಗ್ತೈತಿ."

"ಬ್ಯಾಡ," ಎಂಬ ದನಿ ಹಿಂದಿನಿಂದ ಬಂತು.

ಹಾಗೆ ಅಂದವರು ಮಕ್ತುಮಸಾಬರು, ಆ ಕಂಪ್ಯೂಟರಿನ ಮುಂದೆ ಕೂಡುವವರು. ಅರವತ್ತಾರು ವರ್ಷ. ಸಾಯಿಮಾಳ ಅಪ್ಪನ ಜೊತೆ ಸೀಸದ ಅಚ್ಚಿನ ಮೊಳೆ ಜೋಡಿಸುತ್ತ ಈ ಕಸುಬಿಗೆ ಬಂದವರು. ಅಕ್ಷರವನ್ನು ಉಲ್ಟಾ ಇದ್ದರೂ ಸರಸರ ಓದುತ್ತಿದ್ದರು. ಸಾಯಿಮಾಗೆ ಅ ಆ ಇ ಈ ಕಲಿಸಿದ್ದೂ ಆ ಮೊಳೆಗಳಿಂದಲೇ. ಪ್ರೆಸ್ಸಿಗೆ ಕಂಪ್ಯೂಟರು ಬಂದಾಗ ಮೊಳೆ ಜೋಡಿಸುವವರೆಲ್ಲ ಬೇರೆ ದಂಧೆ ನೋಡಿಕೊಂಡರೆ, ಇವರು ಮೂರೇ ತಿಂಗಳಲ್ಲಿ ಟೈಪಿಂಗ್ ಕಲಿತು ಎಲ್ಲರ ಬಾಯಿ ಮುಚ್ಚಿಸಿದರು. ಹೊಸದು ಬಂದರೆ ಹೆದರಬಾರದು, ಪರಿಚಯ ಮಾಡಿಕೊಳ್ಳಬೇಕು ಎಂದು ಊರಿಗೆಲ್ಲ ಹೇಳಿದ ಮನುಷ್ಯ ಈಗ ಬೇಡ ಅನ್ನುತ್ತಿದ್ದಾರೆ!

"ಯಾಕ್ ಚಾಚಾ?"

"ಇದ್ದದ್ದು ಇದ್ದಂಗ ಇರಲಿ ಬೇಟಾ. ಸಾಯೂತನಾ ನಡೀಲಿ."

"ಅದು ಸತ್ರ ನಾವೂ ಸಾಯ್ತೀವಿ ಚಾಚಾ. ಇಪ್ಪತ್ತು ಪತ್ರಿಕಿ ಅದರಾಗ ಕುಂತಾವ."

"ಹಂಗಾರ ಹೊಸಾದು ಹಾಕಿಸು. ಅವತ್ತಿಂದ ನಾ ಮನ್ಯಾಗ ಕುಂಡ್ರತೀನಿ."

ಈ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ, ಅದರಿಂದಲೇ ಸಾಯಿಮಾಗೆ ಹೆಚ್ಚು ನೋವಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿಯವರಲ್ಲ ಚಾಚಾ. ವಯಸ್ಸಾದ ಮೇಲೆ ಎಲ್ಲರೂ ಹೀಗೇ ಆಗುತ್ತಾರೇನೋ ಎಂದುಕೊಂಡಳು. ಹೋದ ತಿಂಗಳು ನೇಕಾರರೊಬ್ಬರ ಕಾರ್ಡಿನಲ್ಲಿ 'ನೂತನ ಮಗ್ಗ ಪೂಜೆ' ಎಂಬುದು 'ನೂತನ ಮಗಗ ಪೂಜೆ' ಎಂದು ಅಚ್ಚಾಗಿ, ಹೊಸ ಮಗನಿಗೆ ಎಲ್ಲರೂ ಕೂಡಿ ಒದೆ ಕೊಡುತ್ತಾರಂತೆ ಎಂದು ಬೆಟಗೇರಿಯ ಓಣಿಓಣಿ ನಕ್ಕಿತ್ತು. ಸಾಯಿಮಾನೂ ಬಿದ್ದು ಬಿದ್ದು ನಕ್ಕು, "ಚಾಚಾ, ಚಷ್ಮಾ ಬದಲಿ ಮಾಡ್ರಿ," ಎಂದು ಕಾಡಿದ್ದಳು. ಅವರೂ ನಕ್ಕಿದ್ದರು.

ಮಧ್ಯಾಹ್ನ ಚಾಚಾ ನಮಾಜಿಗೆ ಹೋದರು. ಅಷ್ಟರಲ್ಲಿ ಶಿರಹಟ್ಟಿಯಿಂದ ಅಂದಪ್ಪನ ಫೋನು. ಅವನ ಮಗಳ ಲಗ್ನಪತ್ರಿಕೆ ಚಾಚಾನ ಕಂಪ್ಯೂಟರಿನಲ್ಲಿ ಸಿದ್ಧವಾಗುತ್ತಿತ್ತು.

"ತಂಗೀ, ನಮ್ಮ ಸ್ವಾದರಮಾವನ ಹೆಸರ ಬಿಟ್ಟೈತಿ. ಮುತ್ತಣ್ಣ ಅಂತ. ಅದನ್ನ ಬಿಟ್ರ ಅಂವಾ ಲಗ್ನಕ್ಕ ಬರೂದಿಲ್ಲ, ಬಂದ್ರೂ ಉಣ್ಣೂದಿಲ್ಲ!"

"ಈಗ ಹಾಕ್ತೀನ್ರಿ, ಫೋನ್ ಇಡಬ್ಯಾಡ್ರಿ," ಎಂದು ಸಾಯಿಮಾ ಚಾಚಾನ ಕುರ್ಚಿಯಲ್ಲಿ ಕುಳಿತಳು. ಎಡಗೈಯಲ್ಲಿ ಫೋನು, ಬಲಗೈಯೊಂದರಿಂದಲೇ ಟೈಪು. ಕನ್ನಡದ ಕೀಲಿಮಣೆಯಲ್ಲಿ ಒತ್ತಕ್ಷರ ಬರಬೇಕಾದರೆ ಎರಡು ಅಕ್ಷರದ ನಡುವೆ ಎಫ್ ಕೀ ಒತ್ತಬೇಕು, ಅದು ಎಡಗೈ ತೋರುಬೆರಳಿನ ಕೆಲಸ. ಎಡಗೈ ಫೋನು ಹಿಡಿದಿತ್ತಲ್ಲ, ಅವಸರದಲ್ಲಿ ಒತ್ತು ಬಿಟ್ಟುಹೋಗಿ 'ಮುತತಣಣ' ಎಂದು ಬಿತ್ತು. ಅಯ್ಯ, ಎಂದು ಅಳಿಸಹೋಗುವ ಮೊದಲೇ ಅವಳ ಬೆರಳು ಸ್ಪೇಸ್ ಒತ್ತಿತ್ತು.

ತೆರೆಯ ಮೇಲೆ 'ಮುತ್ತಣ್ಣ' ಎಂದಿತ್ತು.

ಫೋನು ಇಟ್ಟು ಮತ್ತೊಮ್ಮೆ ಬೇಕೆಂದೇ ಒತ್ತಿಲ್ಲದೆ ಹೊಡೆದಳು. 'ಲಕಷಮೇಶವರ'. ಸ್ಪೇಸ್ ಒತ್ತಿದರೆ ಲಕ್ಷ್ಮೇಶ್ವರ! ತಪ್ಪು ಹೊಡೆದರೆ ತಾನೇ ತಿದ್ದುವ ಒಂದು ಪಟ್ಟಿ ವರ್ಡಿನೊಳಗೆ ಇರುತ್ತದೆ, ಎಡಕ್ಕೆ ತಪ್ಪು, ಬಲಕ್ಕೆ ಸರಿ ಬರೆದಿಟ್ಟರೆ ಸಾಕು. ಸಾಯಿಮಾ ಆ ಪಟ್ಟಿ ತೆರೆದಳು.

ಅಕಕ, ಅಕ್ಕ. ಅಣಣ, ಅಣ್ಣ. ಆಮಂತರಣ, ಆಮಂತ್ರಣ. ಲಗನ, ಲಗ್ನ. ಕೆಳಗೆ ಹೋದಷ್ಟೂ ಮುಗಿಯಲೊಲ್ಲದು. ಗದಗ ಇರಲಿಲ್ಲ, ಬೆಟಗೇರಿ, ಮುಂಡರಗಿ ಇರಲಿಲ್ಲ. ಅವಕ್ಕೆ ಒತ್ತು ಬೇಕಿಲ್ಲ. ಶಿರಹಟ್ಟಿ ಇತ್ತು, ಲಕ್ಕುಂಡಿ ಇತ್ತು. ಲಕ್ಷ್ಮೇಶ್ವರ, ಲಕ್ಷ್ಮೇಶ್ವರದ, ಲಕ್ಷ್ಮೇಶ್ವರದಲ್ಲಿ, ಲಕ್ಷ್ಮೇಶ್ವರಕ್ಕೆ, ಎಲ್ಲವೂ ಬೇರೆ ಬೇರೆಯಾಗಿ. ಸಾವಿರಾರು ಶಬ್ದ, ಒಂದೊಂದನ್ನೂ ಯಾರೋ ಕೂತು ತುಂಬಿಸಿದ್ದು. 'ಮ'ಕ್ಕೆ ಬಂದಾಗ ಅದೂ ಕಂಡಿತು: ಮಗಗ, ಮಗ್ಗ. ಊರು ನಕ್ಕ ಮೇಲೆ ಸೇರಿಸಿದ್ದಿರಬೇಕು.

ಸಾಯಿಮಾ ಕೈ ಕೆಳಗಿಟ್ಟಳು. ಎರಡು ವರ್ಷದ ಹಿಂದೆ ಚಾಚಾ ಹದಿನೈದು ದಿನ ಬಂದಿರಲಿಲ್ಲ. ಲಕ್ಷ್ಮೇಶ್ವರದ ಮಗಳ ಮನೆಗೆ ಹೋಗಿದ್ದೆ ಎಂದಿದ್ದರು. ಬಂದ ಮೇಲೆ ಎಡಗೈ ಹೆಚ್ಚಾಗಿ ಕಿಸೆಯಲ್ಲೇ ಇರುತ್ತಿತ್ತು. ಜೀವಮಾನವಿಡೀ ಬಸಿಯಲ್ಲಿ ಸುರಿದುಕೊಂಡು ಚಹಾ ಕುಡಿದವರು ಕಪ್ಪಿನಲ್ಲೇ ಕುಡಿಯತೊಡಗಿದ್ದರು. ಬಸಿಗೆ ಸುರಿಯಲು ಎರಡೂ ಕೈ ಬೇಕು, ಸರಸರ ಒತ್ತು ಹಾಕಲೂ ಬೇಕು; ಬಲಗೈಯೊಂದೇ ಓಡುವಾಗ ಒತ್ತನ್ನೆಲ್ಲ ಈ ಪಟ್ಟಿ ಹಾಕುತ್ತಿತ್ತು. ದಿನಾ ಎದುರಿಗೆ ಕೂತವಳು ಒಂದನ್ನೂ ನೋಡಿರಲಿಲ್ಲ. ಚಷ್ಮಾ ಬದಲಿ ಮಾಡ್ರಿ ಎಂದಿದ್ದಳು. ನಾಚಿಕೆಯಿಂದ ಅವಳಿಗೆ ಅಳು ಬಂತು, ಓಢಣಿಯ ಅಂಚು ಬಾಯಿಗೊತ್ತಿಕೊಂಡು ಅತ್ತಳು.

ಆಮೇಲೆ ಅಷ್ಟೇ ಹೆದರಿದಳು. ಹೊಸ ವಿಂಡೋಸ್ ಹಾಕಿ ಫೈಲು ಕಾಪಿ ಮಾಡಿದರೆ ಈ ಪಟ್ಟಿ ಬರುವುದಿಲ್ಲ. ಮರುದಿನ ಅಂದಪ್ಪನ ಎದುರಿಗೆ ಚಾಚಾ 'ಅಂದಪಪ' ಎಂದು ಹೊಡೆಯುತ್ತಾರೆ. ಹಾಗಂತ "ನನಗ ಗೊತ್ತೈತಿ ಚಾಚಾ" ಎಂದುಬಿಟ್ಟರೋ, ಮಕ್ತುಮಸಾಬರ ಕೈಯಲ್ಲಿ ತಪ್ಪು ಬರುವುದಿಲ್ಲ ಎಂದು ನಾಲ್ಕು ತಾಲೂಕಿನಲ್ಲಿ ಹೆಸರಾದ ಆ ಮನುಷ್ಯ ಮತ್ತೆ ಈ ಮೆಟ್ಟಿಲು ತುಳಿಯುವುದಿಲ್ಲ. ಮನೆಯಲ್ಲಿ ಕೂತು ಆರು ತಿಂಗಳಲ್ಲಿ ಸೊರಗಿಹೋಗುತ್ತಾರೆ.

ಸಾಯಿಮಾ ಇಜಾಜನ ಅಂಗಡಿಗೆ ಓಡಿದಳು.

"ಫೈಲ್ ಅಲ್ಲ ಇಜಾಜ, ಎಲ್ಲಾನೂ ಬೇಕು. ಇದ್ದದ್ದು ಇದ್ದಂಗ."

"ಅಂದ್ರ ಡಿಸ್ಕಿನ ಇಮೇಜ್ ತಗೀಬೇಕು. ಒಂದು ಚೂರೂ ಬಿಡದಂಗ ಅಚ್ಚೊತ್ತಿ ಇಟ್ಕೊಂಡು, ಹೊಸಾ ಡಿಸ್ಕಿಗೆ ವಾಪಸ್ ಇಳಸೂದು. ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಆತಲ್ರಿ! ಯಾವ ಸೆಟ್ಟಿಂಗ್ ಬೇಕು ಹೇಳ್ರಿ, ಅದೊಂದೇ ಫೈಲ್ ಎತ್ತಿ ಕೊಡ್ತೀನಿ. ಉಳಿದ ಕಸಾ ಯಾಕ?"

ಯಾವ ಸೆಟ್ಟಿಂಗ್ ಎಂದು ಇವನಿಗೆ ಹೇಳಿದರೆ ಸಂಜೆಯೊಳಗೆ ಬೆಟಗೇರಿಗೆಲ್ಲ ಖಬರ. "ಕಸಾನೂ ಬರಲಿ," ಎಂದಳು ಸಾಯಿಮಾ.

ಇಜಾಜ ಮೂರು ತಂತ್ರಾಂಶ ತೋರಿಸಿದ. ಮೊದಲನೆಯದು ಹೊಸ ಡಿಸ್ಕಿನ ಕಂಪನಿಯದು, ಚೆಂದವಾಗಿತ್ತು. ಆದರೆ ವಿಂಡೋಸ್ ಒಳಗೇ ಓಡಬೇಕು, ಸಾಯುತ್ತಿರುವ ಡಿಸ್ಕು ಅಷ್ಟು ದಣಿವು ತಡೆಯದು. ಎರಡನೆಯದು ಇಮೇಜ್ ತೆಗೆಯಲು ಪುಕ್ಕಟೆ, ವಾಪಸು ಇಳಿಸಲು ರೊಕ್ಕ ಕೇಳುವಂಥದ್ದು. "ಬಾವ್ಯಾಗ ಇಳಿಸಿ ಹಗ್ಗಾ ಮಾರಿದಂಗಾತು," ಎಂದು ಸಾಯಿಮಾ ಅದನ್ನು ಸರಿಸಿದಳು. ಮೂರನೆಯದಕ್ಕೆ ರೂಪವೂ ಇಲ್ಲ, ರಂಗೂ ಇಲ್ಲ. ಕಪ್ಪು ತೆರೆ, ಸಾಲುಸಾಲು ಅಕ್ಷರ. ಆದರೆ ಪೆನ್ ಡ್ರೈವಿನಿಂದಲೇ ಶುರುವಾಗುತ್ತದೆ, ಕೆಟ್ಟ ಜಾಗ ಬಂದರೆ ಅಲ್ಲೇ ಕೂಡದೆ ದಾಟಿ ಮುಂದೆ ಹೋಗುತ್ತದೆ, ತೆಗೆದ ಇಮೇಜು ಸರಿಯಿದೆಯೋ ಎಂದು ತಾನೇ ಪರೀಕ್ಷಿಸುತ್ತದೆ.

"ಇದು ಹೌದು. ಆದ್ರ ಭಾಳ ಖಡಕ್," ಎಂದ ಇಜಾಜ. "ಎಲ್ಲಿಂದ ಎಲ್ಲಿಗೆ ಅನ್ನೋದು ಉಲ್ಟಾ ಒತ್ತಿದ್ರ, ಖಾಲಿ ಡಿಸ್ಕ್ ತುಂಬಿದ್ದನ್ನ ನುಂಗಿಬಿಡ್ತೈತಿ. ಮಾಫಿ ಇಲ್ಲ."

"ಒತ್ತೂದು ನೀ. ಓದೂದು ನಾ," ಎಂದಳು ಸಾಯಿಮಾ.

ಚಾಚಾಗೆ ಅವಳು ಇಷ್ಟೇ ಹೇಳಿದಳು: "ಇಮೇಜ್ ತಗೀತೀವಿ ಚಾಚಾ. ಎಲ್ಲಾ ಇದ್ದಂಗ ಬರ್ತೈತಿ."

"ಫೋಟೋ ತಗೊಂಡು ಏನ್ ಮಾಡ್ಲಿ ಬೇಟಾ? ಫೋಟೋದಾಗಿನ ಎಮ್ಮಿ ಹಾಲು ಕೊಡ್ತೈತೇನು?" ಎಂದು ಅವರು ನಕ್ಕು, ತಮ್ಮ ಚಷ್ಮಾದ ಡಬ್ಬಿ, ಊಟದ ಡಬ್ಬಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು. ಚಷ್ಮಾದ ಡಬ್ಬಿಯನ್ನು ಅವರು ಎಂದೂ ಒಯ್ದವರಲ್ಲ.

ಕೆಲಸ ಮೂರು ದಿನ ಹಿಡಿಯಿತು. ಮೊದಲ ದಿನ ನಡುವೆಯೇ ಡಿಸ್ಕು ಬಿಸಿಯಾಗಿ ನಿಂತಿತು. ಇಜಾಜ ಅದನ್ನು ಹೊರಗೆ ತೆಗೆದು ಟೇಬಲ್ ಫ್ಯಾನಿನ ಮುಂದೆ, ಜ್ವರದ ಕೂಸನ್ನು ಮಲಗಿಸಿದ ಹಾಗೆ, ಇಟ್ಟ. ಎರಡನೆಯ ದಿನ ಸಾಯಿಮಾ ಪ್ರತಿ ಸಾಲನ್ನೂ ಎರಡೆರಡು ಸಲ ಜೋರಾಗಿ ಓದಿದಳು, ಅವನು ಒತ್ತಿದ. ಎಂಟು ಕಡೆ ಓದಲಾಗಲಿಲ್ಲ ಎಂದು ತೆರೆ ಹೇಳಿತು. ಆ ಎಂಟರಲ್ಲಿ ಚಾಚಾನ ಪಟ್ಟಿ ಇದ್ದರೆ? ಅವಳಿಗೆ ಊಟ ಸೇರಲಿಲ್ಲ. ಅಮ್ಮ ಅಮೀನಬಿ, ಯಾಕ ಎಂದು ಕೇಳಿದರೆ, ಹೊಟ್ಟಿ ತುಂಬೈತಿ ಎಂದಳು. ಶುಕ್ರವಾರ ಮುಂಜಾನೆ ಹೊಸ ಡಿಸ್ಕಿಗೆ ಇಮೇಜು ಇಳಿಸಿದರು. ಕಂಪ್ಯೂಟರು ಎದ್ದಿತು. ಇಜಾಜನನ್ನು ಚಹಾ ತರಲು ಕಳಿಸಿ, ಒಬ್ಬಳೇ ಕೂತು, ಒತ್ತಿಲ್ಲದೆ 'ಅಕಕ' ಎಂದು ಹೊಡೆದಳು. 'ಅಕ್ಕ' ಆಯಿತು. ಅದನ್ನು ಅಳಿಸಿ, ಮುಖ ತೊಳೆದುಕೊಂಡು ಬಂದು, ಚಾಚಾಗೆ ಫೋನು ಮಾಡಿದಳು.

ಜುಮ್ಮಾ ನಮಾಜು ಮುಗಿಸಿಕೊಂಡು ಮಕ್ತುಮಸಾಬರು ಬಂದರು. ಪ್ರೂಫ್ ನೋಡಲು ಅಂದಪ್ಪ ಶಿರಹಟ್ಟಿಯಿಂದ ಬಂದು ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತಿದ್ದ. ಮದುಮಕ್ಕಳಿಗಿಂತ ಹೆಚ್ಚು ಉಮೇದಿ ಅವನಿಗೆ. ಚಾಚಾ ಕುರ್ಚಿಯ ಅಂಚಿನಲ್ಲಿ, ಬೇರೆಯವರ ಮನೆಯಲ್ಲಿ ಕೂತ ಹಾಗೆ ಕೂತರು. ಎಡಗೈ ಕಿಸೆಯಲ್ಲಿತ್ತು.

"ಆಪ್ತೇಷ್ಟರು ಅನ್ನೋದರ ಕೆಳಗ ಇನ್ನೊಂದೆರಡು ಹೆಸರು ಅದಾವ್ರಿ ಸಾಹೇಬ್ರ," ಎಂದ ಅಂದಪ್ಪ. "ಕಲ್ಲಪ್ಪ ಅಂತ ಬರೀರಿ."

ಅವರು ನಿಧಾನವಾಗಿ ಬಲಗೈಯಿಂದ ಹೊಡೆದರು. ಸ್ಪೇಸ್ ಒತ್ತುವ ಮೊದಲು ಒಂದು ಗಳಿಗೆ ತಡೆದರು. ಸಾಯಿಮಾ ತನ್ನ ಮೇಜಿನ ಕಾಗದ ನೋಡುವವಳಂತೆ ತಲೆ ತಗ್ಗಿಸಿದಳು. ಸ್ಪೇಸಿನ ಸದ್ದು ಕೇಳಿತು. ಆಮೇಲೆ ಚಾಚಾ ಉಸಿರು ಬಿಟ್ಟಿದ್ದು ಕೇಳಿತು.

"ಎಲ್ಲಾ ಇದ್ದಂಗ ಬಂದೈತಿ," ಎಂದರು ಮೆಲ್ಲಗೆ.

"ಬರದ ಏನ್ಮಾಡ್ತೈತ್ರಿ!" ಇಜಾಜನ ಬಾಯಿಗೆ ಬೀಗ ಎಲ್ಲಿಯದು? "ಒಂದೊಪ್ಪತ್ತಿನ ಕೆಲಸಾ ಇತ್ತು. ನಿಮ್ಮ ಸೆಟ್ಟಿಂಗ್ ಒಂದೂ ಹೋಗಬಾರದು, ಕಸಾನೂ ಬರಲಿ ಅಂತ ಅಕ್ಕಾರು ಮೂರು ದಿನಾ ನನ್ನ ಅರದ್ರು. ಅದರಾಗ ಅಂಥಾದ್ದೇನೈತೋ, ಕೇಳಿದ್ರ ಹೇಳವಲ್ರು."

ಮಕ್ತುಮಸಾಬರು ತಿರುಗಿ ಸಾಯಿಮಾಳ ಕಡೆ ನೋಡಿದರು. ಅವಳು ತಲೆ ಎತ್ತಲಿಲ್ಲ. ಎತ್ತಿದ್ದರೆ ಅಳುತ್ತಿದ್ದಳು.

"ಇನ್ನೊಂದ ಹೆಸರ್ರಿ," ಅಂದಪ್ಪನಿಗೆ ತನ್ನದೇ ಅವಸರ. "ನಮ್ಮ ಮೊಮ್ಮಗಳು, ಎರಡು ತಿಂಗಳ ಕೂಸು. ಸಮನ್ವಿ ಅಂತ ಇಟ್ಟಾರ. ಈಗಿನ ಹೆಸರು ನನಗ ಬಾಯಾಗ ಹೊರಳೂದಿಲ್ಲ."

ಚಾಚಾ ಹೊಡೆದರು. 'ಸಮನವಿ'. ಸ್ಪೇಸ್ ಒತ್ತಿದರು. ಅದು ಹಾಗೇ ನಿಂತಿತು. ಎರಡು ತಿಂಗಳ ಹಿಂದೆ ಹುಟ್ಟಿದ ಕೂಸಿನ ಹೆಸರು ಆ ಪಟ್ಟಿಯಲ್ಲಿ ಎಲ್ಲಿಂದ ಬರಬೇಕು? ಬೇರೆ ದಿನವಾಗಿದ್ದರೆ ಅವರು ಯಾರಿಗೂ ಕಾಣದ ಹಾಗೆ ಬಲಗೈ ಆಚೆ ಚಾಚಿ ತಿದ್ದಿಬಿಡುತ್ತಿದ್ದರು, ಇಲ್ಲವೆ ಅಂದಪ್ಪನನ್ನು ಚಹಾಕ್ಕೆ ಕಳಿಸುತ್ತಿದ್ದರು. ಈಗ ಹಾಗೆ ಮಾಡಲಿಲ್ಲ. ಎಡಗೈಯನ್ನು ಕಿಸೆಯಿಂದ ತೆಗೆದು ಎಲ್ಲರ ಎದುರಿಗೆ ಮೇಜಿನ ಮೇಲೆ ಇಟ್ಟರು. ತೋರುಬೆರಳು ಒಳಕ್ಕೆ ಮಡಚಿಕೊಂಡಿತ್ತು.

"ಸಾಯಿಮಾ, ಬಾ ಇಲ್ಲಿ. ಈ ಬೆರಳು ಎರಡು ವರ್ಷ ಆತು ನನ್ನ ಮಾತು ಕೇಳೂದು ಬಿಟ್ಟು. ಈ ಕೂಸಿಂದೊಂದು ಒತ್ತು ನೀ ಹಾಕವ್ವ."

ಅಂದಪ್ಪ ಆ ಬೆರಳನ್ನು ನೋಡಿದ, ಇಜಾಜ ನೋಡಿದ. ಸಾಯಿಮಾ ಬಂದು ಚಾಚಾನ ಎಡಗಡೆಗೆ ನಿಂತಳು. ಅವರು 'ನ'ದವರೆಗೆ ಅಳಿಸಿಕೊಂಡು ಕಾದರು. ಅವಳು ಎಫ್ ಒತ್ತಿದಳು. ಅವರು 'ವಿ' ಹೊಡೆದರು.

"ಮುಂದಿಂದು ಹೇಳ್ರಿ ಅಂದಪ್ಪಾರ," ಎಂದರು ಮಕ್ತುಮಸಾಬರು. ಸಾಯಿಮಾ ಕುರ್ಚಿ ಎಳೆದುಕೊಂಡು ಅಲ್ಲೇ, ಅವರ ಎಡಗಡೆಗೇ ಕುಳಿತಳು.