ಅಜ್ಜಿಯ ಕೈ ನಿಂತಾಗ

ನಮ್ಮ ಸ್ಟುಡಿಯೋದಲ್ಲಿ ಇನ್ನೂ ಕೈಯಲ್ಲೇ ಚಿತ್ರ ಬರೆಯುತ್ತೇವೆ. ಕೆಳಗಿನಿಂದ ಬೆಳಕು ಚೆಲ್ಲುವ ಗಾಜಿನ ಮೇಜು, ಅದರ ಮೇಲೆ ಹಾಳೆಯ ಮೇಲೆ ಹಾಳೆ. ಒಂದರಿಂದ ಇನ್ನೊಂದಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ. ಬೆರಳ ಸಂದಿಗೆ ಸಿಕ್ಕಿಸಿ ಸರಸರನೆ ತಿರುವಿದರೆ ಗೊಂಬೆ ಎದ್ದು ನಡೆಯುತ್ತದೆ.

ನಮ್ಮ ಜನರ ಕಥೆಯೊಂದನ್ನು ದೂರದೇಶದ ಮಕ್ಕಳಿಗೆ ಹೇಳುವ ಸಿನಿಮಾ. ಅದರಲ್ಲಿ ಕಥೆ ಹೇಳುವ ಅಜ್ಜಿ ನನ್ನ ಪಾಲಿಗೆ ಬಂದಳು. ನಿರ್ದೇಶಕರನ್ನು ನಾವೆಲ್ಲ ಮೇಷ್ಟ್ರು ಅನ್ನುತ್ತೇವೆ. ಅವರು ಕೊಟ್ಟ ಮಾದರಿಯಲ್ಲಿ ಗೂನುಬೆನ್ನು, ಊರುಗೋಲು, ಗಾಳಿಯಲ್ಲಿ ಹಾರಾಡುವ ಕೈ, ಬುಗುರಿಯಂತೆ ತಿರುಗುವ ಕಣ್ಣು. ಹಾಗೇ ಬರೆದು, ಮನೆಗೆ ಹೋಗಿ ನನ್ನ ಅಜ್ಜಿಗೆ ಫೋನಿನಲ್ಲಿ ತೋರಿಸಿದೆ.

“ಇವಳಿಗೇನು ಇರುವೆ ಕಚ್ಚಿದ್ಯೇನೇ?” ಅಂದಳು, ಬೆಳ್ಳುಳ್ಳಿ ಸುಲಿಯುತ್ತಾ.

“ಕಥೆ ಹೇಳ್ತಿದಾಳೆ ಅಜ್ಜಿ.”

“ಹಿಂಗೆ ಕುಣಿದ್ರೆ ಮಕ್ಕಳು ಕುಣಿತ ನೋಡ್ತಾವೆ. ಕಥೆ ಎಲ್ಲಿ ಕೇಳ್ತಾವೆ?”

ನಿಜ. ನನಗೆ ಕಥೆ ಹೇಳುವಾಗ ಅವಳ ಕೈಗೆ ಸದಾ ಏನಾದರೊಂದು ಕೆಲಸ. ರಾಕ್ಷಸ ಬಾಗಿಲಿಗೆ ಬಂದಾಗ ಮಾತ್ರ ಆ ಕೈ ನಿಲ್ಲುತ್ತಿತ್ತು. ಅಷ್ಟಕ್ಕೇ ನಾನು ಅವಳ ಮಡಿಲಲ್ಲಿ ಮುಖ ಹುದುಗಿಸುತ್ತಿದ್ದೆ.

ಮರುದಿನ ನನ್ನ ಆ ಅಜ್ಜಿಯನ್ನೇ ಬರೆದೆ: ಬೆಳ್ಳುಳ್ಳಿ, ಚುರುಕು ಬೆರಳು, ಆಮೇಲೆ ಸಿನಿಮಾದ ಕಥೆಯಲ್ಲೂ ರಾಕ್ಷಸ ಬಾಗಿಲಿಗೆ ಬರುವಲ್ಲಿ ನಿಂತ ಕೈ.

ಮೇಷ್ಟ್ರು ನೋಡಿ ಹಣೆ ಉಜ್ಜಿಕೊಂಡರು. “ಚೆನ್ನಾಗಿದೆ ಕಣಮ್ಮ. ಆದ್ರೆ ಕೈ ನಿಂತ ತಕ್ಷಣ ಅಜ್ಜಿನೇ ಸತ್ತೋಗ್ತಾಳಲ್ಲ! ಮಷೀನ್ ಕೆಟ್ಟೋಯ್ತು ಅನ್ಕೋತಾರೆ. ನಮ್ಮ ಅಜ್ಜೀರು ಅಲ್ಲಿ ಮಕ್ಕಳಿಗೆ ಗೊತ್ತಿಲ್ಲ, ಸ್ವಲ್ಪ ಎದ್ದು ಕಾಣ್ಬೇಕು.”

“ಗೊತ್ತಿಲ್ದೋರಿಗೆ ತಾನೇ ಮೇಷ್ಟ್ರೇ, ಸರಿಯಾಗಿ ತೋರಿಸ್ಬೇಕಾಗಿರೋದು?”

“ಬಾಯಿ ಮಾತ್ರ ಜೋರು. ಸಂಜೆವರೆಗೂ ನೋಡು. ಆಗ್ಲಿಲ್ಲ ಅಂದ್ರೆ ಊರುಗೋಲಿನ ಅಜ್ಜಿನೇ ಗತಿ.”

ತಪ್ಪು ನನ್ನದೇ. ನಿಂತ ಕೈಗೆಂದು ಒಂದೇ ಹಾಳೆ ಬರೆದು ಅದನ್ನೇ ಪರದೆಯ ಮೇಲೆ ಹಿಡಿದಿಟ್ಟಿದ್ದೆ. ಹಾಳೆ ಉಸಿರಾಡುತ್ತದೆಯೇ? ಮಡಿಲಲ್ಲಿ ಹುದುಗಿದ ನನ್ನ ಕೆನ್ನೆಗಾದರೋ, ಅಜ್ಜಿ ಕೈ ನಿಲ್ಲಿಸಿದಾಗಲೂ ಅವಳ ಹೊಟ್ಟೆಯ ಏರಿಳಿತ ತಾಗುತ್ತಿತ್ತು.

ಆ ಚಿತ್ರದ ಮೇಲೆ ಹೊಸ ಹಾಳೆಯಿಟ್ಟು, ಕೆಳಗೆ ಕಾಣುವ ಗೆರೆಗಳ ಮೇಲೇ ತಿದ್ದಿದೆ. ಅದರ ಮೇಲೆ ಇನ್ನೊಂದು, ಮತ್ತೊಂದು. ಎಷ್ಟೇ ಜೋಪಾನವಾಗಿ ತಿದ್ದಿದರೂ ಗೆರೆ ಒಂದಿಷ್ಟು ಅಲುಗುತ್ತದೆ. ನನಗೆ ಬೇಕಾದದ್ದು ಆ ಅಲುಗಾಟವೇ.

“ಒಂದೇ ಚಿತ್ರ ಎಷ್ಟು ಸಲ ಬರೀತೀಯೇ? ಮೇಷ್ಟ್ರು ಕಾಪಿ ಬರಿಯೋ ಶಿಕ್ಷೆ ಕೊಟ್ರಾ?” ಬಣ್ಣ ಹಚ್ಚುವ ಅಕ್ಕ ಪಕ್ಕದ ಮೇಜಿನಿಂದ ಕಿಚಾಯಿಸಿದಳು. ನಗುತ್ತಲೇ ನನ್ನ ಹಾಳೆಗಳನ್ನು ಜೋಡಿಸಿಕೊಡಲು ಎದ್ದು ಬಂದಳು.

ಸಂಜೆ ಮೇಷ್ಟ್ರು ಚಹಾದ ಲೋಟ ಹಿಡಿದೇ ಪರದೆಯ ಮುಂದೆ ಕೂತರು. ಅಜ್ಜಿಯ ಬೆರಳು ಸರಸರ ಆಡಿತು. ನಿಂತಿತು. ಹೆಬ್ಬೆರಳಿಗೆ ಅಂಟಿದ ಸಿಪ್ಪೆ ಮಾತ್ರ ಸಣ್ಣಗೆ ನಡುಗುತ್ತಿತ್ತು. ತುಟಿಯವರೆಗೆ ಬಂದ ಲೋಟ ಅಲ್ಲೇ ಉಳಿಯಿತು. ಅಜ್ಜಿಯ ಕೈ ಮತ್ತೆ ಆಡುವವರೆಗೂ ಅವರು ಗುಟುಕರಿಸಲಿಲ್ಲ.

“ಬಾಗಿಲಲ್ಲಿ ಯಾರಮ್ಮ?” ಎಂದರು ಮೆಲ್ಲಗೆ.

“ರಾಕ್ಷಸ, ಮೇಷ್ಟ್ರೇ.”

“ಹೂಂ... ಅವನನ್ನ ಈಗಲೇ ತೋರಿಸೋದು ಬೇಡ. ಆ ಊರುಗೋಲನ್ನೂ ತೆಗೆದಿಡು.”